ಮುದ್ದೆಗೊಂದು ಕಟ್ಟೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರು, ಬೇರೆಯವರು ಕಟ್ಟಿದ ಮನೆಯನ್ನು ಕೊಂಡು ನೋಡು ಎಂದು ಹೇಳಲಿಲ್ಲ. ಹೇಳಿದ್ದರೆ ನಾನು ಸ್ವಲ್ಪ ಸಿದ್ಧಳಾಗಿ ಹೋಗುತ್ತಿದ್ದೆ. ಬೂದಿಗೆರೆ ರಸ್ತೆಯ ಹೊಸ ಲೇಔಟಿನಲ್ಲಿ ಒಂದು ಡೂಪ್ಲೆಕ್ಸ್ ಮನೆಗೆ ಅಡ್ವಾನ್ಸ್ ಕೊಟ್ಟು, ಗೋಡೆ ಎದ್ದು ಮೋಲ್ಡ್ ಹಾಕಿ ಮುಗಿಯುವವರೆಗೆ ನಾವು ತೆಪ್ಪಗಿದ್ದೆವು. ಆಮೇಲೊಂದು ಭಾನುವಾರ ಸೇಲ್ಸ್ ಆಫೀಸಿನಿಂದ ಕರೆ ಬಂತು. ‘ಆಪ್ಷನ್ಸ್ ಮೀಟಿಂಗ್’ ಇದೆ, ಬನ್ನಿ ಎಂದರು. ಮನೆಯೊಳಗೆ ಏನೇನು ಬರಬೇಕು, ಯಾವುದು ಮಾಮೂಲಿನದು ಸಾಕು, ಯಾವುದು ಅದಕ್ಕಿಂತ ಮೇಲಿನದು ಬೇಕು ಎಂದು ಆರಿಸುವ ಸಭೆಯಂತೆ.

ಹೋದವರು ಮೂರು ಜನ: ನಾನು, ನಮ್ಮನೆಯವರು, ನಮ್ಮತ್ತೆ. ನಾನು ದೇವನಹಳ್ಳಿಯ ಹೈಸ್ಕೂಲೊಂದರಲ್ಲಿ ಲೆಕ್ಕದ ಮೇಡಂ. ದಿನವಿಡೀ ಹಿಂದಿನ ಬೆಂಚಿಗೆ ಕೇಳಿಸುವಂತೆ ಮಾತಾಡಿ ಮಾತಾಡಿ ನನ್ನ ಮಾಮೂಲಿ ದನಿಯೇ ಜಗಳದ ದನಿ ಎಂದು ಮನೆಯಲ್ಲಿ ಹೆಸರಾಗಿದೆ. ನಮ್ಮನೆಯವರು ಏರ್‌ಪೋರ್ಟಿನ ಸರಕು ವಿಭಾಗದಲ್ಲಿದ್ದಾರೆ. ತಲೆಯ ಮೇಲೆ ವಿಮಾನ ಹೋದರೂ ಕತ್ತೆತ್ತಿ ನೋಡದ ಮನುಷ್ಯ. ಅತ್ತೆ ನಲ್ಲೂರು ಕಡೆಯ ಹೆಣ್ಣು. ಮಾತು ಕಡಿಮೆ, ಆದರೆ ಕಿವಿಗೆ ಬಿದ್ದ ಯಾವ ಮಾತನ್ನೂ ಮರೆಯುವವರಲ್ಲ.

ಆಫೀಸಿನಲ್ಲಿ ನಮ್ಮನ್ನು ಕೂರಿಸಿದವಳು ಬೆಂಗಳೂರಿನಿಂದ ದಿನಾ ಬಂದು ಹೋಗುವ ಒಬ್ಬ ಚುರುಕು ಹುಡುಗಿ. ಬಾದಾಮಿ ಹಾಲು ಕೊಟ್ಟಳು, ಏಸಿ ಜೋರು ಮಾಡಿದಳು, ಗೋಡೆಯಗಲದ ಟಿ.ವಿ.ಯಲ್ಲಿ ಚಿತ್ರ ತೋರಿಸತೊಡಗಿದಳು. ಸಿಲ್ವರ್ ಪ್ಯಾಕೇಜು, ಗೋಲ್ಡ್ ಪ್ಯಾಕೇಜು, ಪ್ಲಾಟಿನಮ್ ಪ್ಯಾಕೇಜು. ಅತ್ತೆ ನನ್ನ ಕಡೆ ಬಾಗಿ, ಮನೆ ಅಂದ್ರಲ್ಲಾ, ಒಡವೆ ಅಂಗಡಿಗೆ ಬಂದಿದ್ದೀವಾ ಎಂದು ಮೆಲ್ಲಗೆ ಕೇಳಿದರು. ಸಿಲ್ವರಿನಲ್ಲಿ ಬಚ್ಚಲಿನ ನಲ್ಲಿ ಬರೀ ನಲ್ಲಿ. ಗೋಲ್ಡಿನಲ್ಲಿ ಅದು ಮಳೆಯಂತೆ ಸುರಿಯುತ್ತದೆ. ಪ್ಲಾಟಿನಮ್ಮಿನಲ್ಲಿ ಗೋಡೆಯ ಎಲ್ಲ ಕಡೆಯಿಂದಲೂ ಚಿಮ್ಮುತ್ತದೆ. ಬೇಸಿಗೆ ಬಂದರೆ ಟ್ಯಾಂಕರಿನ ದಾರಿ ಕಾಯುವ ನಮಗೆ ಗೋಡೆಯಿಂದ ನೀರು ಚಿಮ್ಮಿಸಿಕೊಂಡು ಆಗಬೇಕಾದ್ದೇನು ಎಂದು ನಾನು ಕೇಳಿದೆ. ಅವಳು ನಕ್ಕು ಮುಂದಿನ ಚಿತ್ರಕ್ಕೆ ಹೋದಳು. ನಮ್ಮನೆಯವರಿಗೆ ಮಾತ್ರ ಒಂದು ವಸ್ತು ಕಣ್ಣಿಗೆ ಬಿದ್ದುಬಿಟ್ಟಿತು: ಮಾತು ಕೇಳುವ ಲೈಟು. ಹತ್ತು ಎಂದರೆ ಹತ್ತುತ್ತದೆ, ಆರು ಎಂದರೆ ಆರುತ್ತದೆ. ಆ ಚಿತ್ರವನ್ನು ಇನ್ನೊಂದು ಸಲ ತೋರಿಸಿ ಎಂದರು.

ನಾನು ಸಂತೆಯಲ್ಲಿ ಚೌಕಾಸಿ ಕಲಿತವಳು. ಸಂತೆಯ ನೀತಿ ಏನೆಂದರೆ, ಬೇಡದ್ದಕ್ಕೆ ಮೊದಲು ಕಾದಾಡಬೇಕು, ಬೇಕಾದ್ದನ್ನು ಕೊನೆಯಲ್ಲಿ, ಹೊರಡುತ್ತಾ, ನೆನಪಾದವಳಂತೆ ಕೇಳಬೇಕು. ಹಾಗಾಗಿ ಫಾಲ್ಸ್ ಸೀಲಿಂಗಿಗೆ ಕಾದಾಡಿದೆ, ಬಾಲ್ಕನಿಯ ಗಾಜಿನ ಕಟಾಂಜನಕ್ಕೆ ಕಾದಾಡಿದೆ, ಬಣ್ಣಕ್ಕೆ ಕಾದಾಡಿದೆ. ಅವಳೂ ಸುಸ್ತಾದಳು, ನಾನೂ ಸುಸ್ತಾದೆ. ಆಮೇಲೆ ಬ್ಯಾಗು ಹೆಗಲಿಗೇರಿಸುತ್ತಾ, ಹಾಂ, ಅಡುಗೆಮನೆಯಲ್ಲಿ ಒಂದು ಕಡೆ ಕಟ್ಟೆ ಸ್ವಲ್ಪ ತಗ್ಗಿಸಿ ಕಟ್ಟಿಕೊಡಿ, ಮುದ್ದೆ ತೊಳಸೋದಕ್ಕೆ ಎಂದೆ.

ಈ ಕಟ್ಟೆಯ ಕಥೆ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ನಮ್ಮತ್ತೆಯ ಕೈಯ ರಾಗಿ ಮುದ್ದೆಗೆ ಊರಿನಲ್ಲಿ ಹೆಸರಿತ್ತು. ಯಾರ ಮನೆಯಲ್ಲಿ ಬೀಗರ ಊಟವಿದ್ದರೂ ಮುದ್ದೆಗೆ ಇವರನ್ನೇ ಕರೆದುಕೊಂಡು ಹೋಗುತ್ತಿದ್ದರು. ಅವರು ತೊಳಸುತ್ತಿದ್ದುದು ನೆಲದ ಮೇಲೆ ಕೂತು. ಕುದಿದ ಪಾತ್ರೆಯನ್ನು ಇಳಿಸಿ, ಬಟ್ಟೆ ಸುತ್ತಿ, ಎರಡು ಪಾದಗಳ ನಡುವೆ ಒತ್ತಿ ಹಿಡಿದು, ತವರಿನಿಂದ ತಂದ ಕೋಲಿನಿಂದ ತೊಳಸಿದರೆ ಹಿಟ್ಟು ಬೆಣ್ಣೆಯಾಗುತ್ತಿತ್ತು. ಮಂಡಿ ಕೈಕೊಟ್ಟ ಮೇಲೆ ಡಾಕ್ಟರು ನೆಲದ ಮೇಲೆ ಕೂರಲೇಬಾರದು ಎಂದರು. ದೇವನಹಳ್ಳಿಯ ನಮ್ಮ ಬಾಡಿಗೆ ಮನೆಯ ಕಟ್ಟೆಯನ್ನೋ ಯಾವನೋ ಆರಡಿ ಆಳು ತನ್ನ ಅಳತೆಗೆ ಕಟ್ಟಿಸಿಕೊಂಡಿದ್ದ. ಅತ್ತೆ ಗಿಡ್ಡ, ನಾನೂ ಗಿಡ್ಡ. ಅತ್ತೆ ಸೊಸೆ ಒಂದೇ ಅಚ್ಚಿನಲ್ಲಿ ತೆಗೆದ ಇಟ್ಟಿಗೆಗಳು ಎಂದು ನೆಂಟರು ಹಾಸ್ಯ ಮಾಡುವಷ್ಟು. ಆ ಕಟ್ಟೆಯ ಮುಂದೆ ನಿಂತು ಕೋಲು ಹಿಡಿದರೆ ಮೊಣಕೈ ಕಿವಿಯ ಹತ್ತಿರ ಬರುತ್ತಿತ್ತು. ಒಂದು ದಿನ ಅತ್ತೆ ಕೋಲನ್ನು ತೊಳೆದು, ಒರೆಸಿ, ಮೂಲೆಯಲ್ಲಿ ನಿಲ್ಲಿಸಿ, ಇನ್ನು ನೀನೇ ಮಾಡಮ್ಮ ಎಂದರು. ಪೇಟೆಯಿಂದ ತಂದ ಇನ್ನೊಂದು ಕೋಲಿನಿಂದ ನಾನು ಮಾಡಿದೆ. ಅವರ ಕೋಲನ್ನು ಮುಟ್ಟಲು ಧೈರ್ಯ ಬರಲಿಲ್ಲ.

ನನ್ನ ಮುದ್ದೆಯಲ್ಲಿ ಗಂಟು. ಎಷ್ಟು ತೊಳಸಿದರೂ ಗಂಟು. ಮುದ್ದೆಯನ್ನು ಜಗಿಯುವುದಿಲ್ಲವಲ್ಲ, ಮುರಿದು ಸಾರಿನಲ್ಲಿ ಅದ್ದಿ ನುಂಗುವುದು. ಗಂಟಿದ್ದರೆ ಬಾಯಲ್ಲಿ ಹಸಿ ಹಿಟ್ಟು ಸಿಕ್ಕಿ ಗೊತ್ತಾಗಿಯೇ ಆಗುತ್ತದೆ. ನಮ್ಮನೆಯವರು ಸಿಕ್ಕಿದ ಗಂಟುಗಳನ್ನು ಒಂದೊಂದಾಗಿ ತಟ್ಟೆಯಂಚಿಗೆ ಜೋಡಿಸಿಡುತ್ತಿದ್ದರು. ಅತ್ತೆ ಹಾಗೆ ಮಾಡಲಿಲ್ಲ. ಒಂದು ಮಾತೂ ಆಡದೆ ನುಂಗಿಬಿಡುತ್ತಿದ್ದರು. ನನಗೆ ಉರಿಯುತ್ತಿದ್ದುದು ಗಂಡನ ತಟ್ಟೆ ನೋಡಿ ಅಲ್ಲ, ಅತ್ತೆಯ ಈ ಮೌನ ನೋಡಿ. ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ಒಂದು ದಿನ ತಡೆಯಲಾರದೆ, ಈ ಕಟ್ಟೆ ಎತ್ತರ ಆಯ್ತು, ಅದಕ್ಕೇ ಹೀಗೆ ಎಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಮ್ಮನೆಯವರು ನಕ್ಕರು. ಅತ್ತೆ ಆಗಲೂ ಬಾಯಿ ಬಿಡಲಿಲ್ಲ. ಆವತ್ತಿನಿಂದ ನಾನು ಕಟ್ಟೆಯ ಸುದ್ದಿ ಎತ್ತಲಿಲ್ಲ; ನನ್ನ ಕೈಗೇ ಮುದ್ದೆ ಒಲಿದಿಲ್ಲ ಎಂದುಕೊಂಡೆ.

ಆದ್ದರಿಂದ ಹೊಸ ಮನೆ ಎಂದಾಗ ನನಗೆ ಮಳೆ ಸುರಿಸುವ ನಲ್ಲಿ ಬೇಕಿರಲಿಲ್ಲ. ಅತ್ತೆ ನಿಂತುಕೊಂಡೇ ಮುದ್ದೆ ತೊಳಸುವಂಥ ಒಂದು ತಗ್ಗು ಕಟ್ಟೆ ಬೇಕಿತ್ತು. ಊರಿಗೆಲ್ಲ ಮುದ್ದೆ ಮಾಡಿ ಬಡಿಸಿದವರು ಸೊಸೆಯ ಗಂಟು ಮುದ್ದೆ ನುಂಗಿಕೊಂಡು ಕೂರುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಮೂಲೆಯಲ್ಲಿ ನಿಂತಿದ್ದ ಆ ಕೋಲು ಅವರ ಕೈಗೆ ಮತ್ತೆ ಬರಬೇಕಿತ್ತು.

ಹುಡುಗಿ ಪಟ್ಟಿಯನ್ನು ಮೇಲೆ ಕೆಳಗೆ ನೋಡಿ, ಅದು ಆಪ್ಷನ್ನಿನಲ್ಲಿ ಇಲ್ಲ ಎಂದಳು. ಎಲ್ಲ ಮನೆಗೂ ಕಟ್ಟೆ ಒಂದೇ ಎತ್ತರವಂತೆ. ಮುಂದೆ ಮಾರಬೇಕಾದರೆ ತಗ್ಗು ಕಟ್ಟೆಯ ಮನೆಗೆ ಬೆಲೆ ಬರುವುದಿಲ್ಲವಂತೆ. ಇನ್ನೂ ಬಂದು ಸೇರದ ಮನೆಯನ್ನು ನಾನು ಮಾರುವ ಬಗ್ಗೆ ಅವಳಿಗೆ ಅಷ್ಟು ಚಿಂತೆ. ನನ್ನ ದನಿ ಹಿಂದಿನ ಬೆಂಚಿನ ಮಟ್ಟಕ್ಕೆ ಏರಿತು. ಅವಳು ಪಾಪ, ಸಮಾಧಾನ ಮಾಡಲು, ಪ್ಲಾಟಿನಮ್ಮಿನಲ್ಲಿ ಗಾಜಿನ ಒಲೆ ಬರುತ್ತದೆ, ತುಂಬಾ ಗಟ್ಟಿ, ಅದರ ಮೇಲೆ ಏನು ಬೇಕಾದರೂ ಮಾಡಬಹುದು ಎಂದಳು. ಕೊನೆಗೆ, ‘ಬೇಕಾದ್ರೆ ಸ್ಯಾಂಪಲ್ ಮನೇಲಿ ಮಾಡಿ ನೋಡಿ ಮೇಡಂ, ಗ್ಯಾಸೂ ಇದೆ’ ಎಂದು ಕೈಮುಗಿದು ನಮ್ಮನ್ನು ಕಳಿಸಿಕೊಟ್ಟಳು.

ಅದು ಅಂಗಡಿಯವರು ‘ದುಡ್ಡೇನೂ ಬೇಡ ಬಿಡಿ’ ಎನ್ನುತ್ತಾರಲ್ಲ, ಅಂಥ ಮಾತು. ನನಗೆ ಗೊತ್ತಾಯಿತು, ನಮ್ಮನೆಯವರಿಗೂ ಗೊತ್ತಾಯಿತು. ಅತ್ತೆ ಮಾತ್ರ ಬಾಗಿಲಲ್ಲಿ ನಿಂತು, ಆಗ್ಲಮ್ಮ ಎಂದು ತಲೆಯಾಡಿಸಿದರು.

ಮುಂದಿನ ಭಾನುವಾರ ಟೈಲ್ಸ್ ನೋಡಲು ಮತ್ತೆ ಹೊರಟೆವು. ಅತ್ತೆ ವೈರ್ ಬುಟ್ಟಿಯೊಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕಾರು ಹತ್ತಿದರು. ಕೈಯಲ್ಲಿ ಛತ್ರಿ. ಮಳೆಯ ಸೂಚನೆಯೇ ಇರಲಿಲ್ಲ. ಬುಟ್ಟಿಯಿಂದ ಸೊಪ್ಪಿನ ಬಸ್ಸಾರಿನ ವಾಸನೆ ಬರುತ್ತಿತ್ತು; ಬುತ್ತಿ ಇರಬೇಕು, ಹೊತ್ತಾದರೆ ಅಲ್ಲೇ ಊಟ ಮಾಡಬಹುದು ಎಂದು ನಮ್ಮನೆಯವರಿಗೆ ಖುಷಿಯೇ ಆಯಿತು.

ಲೇಔಟಿನಲ್ಲಿ ಸ್ಯಾಂಪಲ್ ಮನೆ ಎಂದರೆ ನೋಡಲು ಬಂದವರಿಗಾಗಿ ಸಿಂಗರಿಸಿಟ್ಟ ಮನೆ. ಅಲ್ಲಿ ಯಾರೂ ಮಲಗದ ಮಂಚ, ಯಾರೂ ಓದದ ಪುಸ್ತಕ, ಅಡುಗೆಮನೆಯ ಕಟ್ಟೆಯ ಮೇಲೆ ಬಟ್ಟಲು ತುಂಬ ಪ್ಲಾಸ್ಟಿಕ್ ನಿಂಬೆಹಣ್ಣು. ನಾನು ಟೈಲ್ಸಿನ ತುಂಡುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಒಳಗಿನಿಂದ ನೀರು ಬಿಟ್ಟ ಸದ್ದು ಕೇಳಿತು. ಹೋಗಿ ನೋಡಿದರೆ ಅತ್ತೆ ನಿಂಬೆಹಣ್ಣಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಗಾಜಿನ ಒಲೆಯ ಮೇಲೆ ಎಸರಿಟ್ಟಿದ್ದರು. ಬುಟ್ಟಿಯಿಂದ ಹಿಟ್ಟಿನ ಡಬ್ಬಿ ಹೊರಗೆ ಬಂದಿತ್ತು. ಛತ್ರಿ ಬಿಚ್ಚಿದರೆ ಅದರೊಳಗೆ ತವರಿನ ಕೋಲು, ಪಾತ್ರೆ ಅಲುಗದಂತೆ ಒತ್ತಿ ಹಿಡಿಯುವ ಕವೆಗೋಲು.

ಹುಡುಗಿ ಓಡಿ ಬಂದು, ಅಮ್ಮಾ, ಅದು ಶೋಗೆ ಇಟ್ಟಿರೋದು ಎಂದಳು.

‘ಮಾಡಿ ನೋಡಿ ಅಂದ್ಯಲ್ಲಮ್ಮ, ಅದಕ್ಕೇ ಬಂದೆ’ ಎಂದರು ಅತ್ತೆ. ಅವರ ಮುಖದಲ್ಲಿ ಕೊಂಕು ಒಂದು ಚೂರೂ ಇರಲಿಲ್ಲ. ಕರೆದಿದ್ದಾರೆ, ಬಂದಿದ್ದಾರೆ. ಕರೆದವರ ಮನೆಗೆ ಬರಿಗೈಲಿ ಬರಬಾರದೆಂದು ಬಸ್ಸಾರೂ ತಂದಿದ್ದಾರೆ.

ಮನೆ ನೋಡಲು ಬಂದಿದ್ದ ಇನ್ನೊಂದು ಸಂಸಾರ, ಇದೂ ಕಾರ್ಯಕ್ರಮದ ಭಾಗವೆಂದು ತಿಳಿದು ಸುತ್ತ ನಿಂತಿತು. ನಮ್ಮನೆಯವರು ಬಾಲ್ಕನಿಗೆ ಹೋಗಿ ಆಕಾಶ ನೋಡತೊಡಗಿದರು. ಬೇಡ ಅನ್ನಬೇಕೆಂದು ನನಗೂ ಒಂದು ಗಳಿಗೆ ಅನ್ನಿಸಿತು. ಆದರೆ ಆ ಕೋಲು ಅತ್ತೆಯ ಕೈಯಲ್ಲಿತ್ತು. ನಾನು ಕವೆಗೋಲು ತೆಗೆದುಕೊಂಡು ಪಾತ್ರೆಯನ್ನು ಒತ್ತಿ ಹಿಡಿದೆ. ಹಿಟ್ಟು ಬೆಂದಿತು. ಅತ್ತೆ ತುದಿಗಾಲ ಮೇಲೆ ನಿಂತು, ಮೊಣಕೈ ಮೇಲೆತ್ತಿ, ಮೈಯ ಭಾರವನ್ನೆಲ್ಲ ಹಾಕಿ ಒಂದು ಸುತ್ತು ತೊಳಸಿದರು. ಎರಡನೆಯ ಸುತ್ತಿಗೆ ಟಪ್ ಎಂದಿತು. ಗಾಜು ಚೆಲ್ಲಾಪಿಲ್ಲಿ ಆಗಲಿಲ್ಲ. ಇದ್ದ ಜಾಗದಲ್ಲೇ ಕಲ್ಲುಸಕ್ಕರೆಯ ಹಾಗೆ ಚೂರುಚೂರಾಗಿ ನಿಂತುಕೊಂಡಿತು. ನಾನು ಕೈಚಾಚಿ ಗ್ಯಾಸು ಆರಿಸಿದೆ.

ಹುಡುಗಿಯ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಸದ್ದು ಕೇಳಿ ಲೇಔಟಿನ ಯಜಮಾನರೇ ಒಳಗೆ ಬಂದರು. ಅವರು ಅಲ್ಲಿಯವರೇ, ಒಕ್ಕಲು ಮನೆತನದವರು. ಆ ಸ್ಯಾಂಪಲ್ ಮನೆ ನಿಂತ ಜಾಗ ಹಿಂದೆ ಅವರ ತಂದೆ ರಾಗಿ ಬಿತ್ತುತ್ತಿದ್ದ ಹೊಲವಂತೆ. ಅಡ್ವಾನ್ಸ್ ಕೊಟ್ಟ ದಿನ ಅವರೇ ಹೆಮ್ಮೆಯಿಂದ ಹೇಳಿದ್ದರು. ಅವರು ಬಾಯಿ ತೆರೆಯುವ ಮೊದಲು ನಾನೇ ತೆರೆದೆ. ಹೆದರಿದಾಗ ನನ್ನ ದನಿ ಇನ್ನೂ ಜೋರಾಗುತ್ತದೆ.

‘ರಾಗಿ ಬೆಳೀತಿದ್ದ ಹೊಲದಲ್ಲಿ ಮನೆ ಕಟ್ಟಿ, ಮುದ್ದೆ ತೊಳಸೋಕೆ ಜಾಗ ಇಲ್ಲ ಅಂತೀರಲ್ಲ ಸಾರ್.’

ಯಜಮಾನರು ನನ್ನ ಕಡೆ ನೋಡಲಿಲ್ಲ, ಗಾಜಿನ ಕಡೆಯೂ ನೋಡಲಿಲ್ಲ. ಪಾತ್ರೆಯೊಳಗೆ ಬಗ್ಗಿ ನೋಡಿದರು. ಮೂಗಿಗೆ ಬಸ್ಸಾರಿನ ವಾಸನೆ ಬಡಿದಿರಬೇಕು. ಅತ್ತೆಯ ಕಡೆ ತಿರುಗಿ, ‘ಗಾಜು ಹೋಗ್ಲಿ ಬಿಡವ್ವಾ. ಹಿಟ್ಟು ಇನ್ನೂ ಐತಾ?’ ಎಂದು ಕೇಳಿದರು.

ಇತ್ತು. ಏನಾದರೂ ಹೆಚ್ಚುಕಮ್ಮಿ ಆದರೆ ಇರಲಿ ಎಂದು ಅತ್ತೆ ಎರಡು ಸಲಕ್ಕಾಗುವಷ್ಟು ತಂದಿದ್ದರು. ಗಾಜಿನ ಭಯಕ್ಕೆ ಮೊದಲಿನದನ್ನು ಚೆಲ್ಲಿ ಪಾತ್ರೆ ತೊಳೆದೆವು. ವಾಚ್‌ಮನ್ ಶೆಡ್ಡಿನಿಂದ ಕಬ್ಬಿಣದ ಒಂಟಿ ಒಲೆ ಬಂತು. ಅದನ್ನು ಇಡುವುದೆಲ್ಲಿ ಎಂದಾಗ, ಯುಟಿಲಿಟಿಯಲ್ಲಿ, ಅಂದರೆ ಅಡುಗೆಮನೆಯ ಹಿಂದೆ ಪಾತ್ರೆ ತೊಳೆಯುವ ಜಾಗದಲ್ಲಿ, ಒಟ್ಟಿದ್ದ ಟೈಲ್ಸಿನ ಡಬ್ಬಗಳು ಕಣ್ಣಿಗೆ ಬಿದ್ದವು. ಅತ್ತೆ ಅವನ್ನೇ ಒಂದರ ಮೇಲೊಂದು ಇಡಿಸಿದರು. ಇಡಿಸಿ, ಮುಂದೆ ನಿಂತು, ಕೈ ಚಾಚಿ ನೋಡಿ, ಇನ್ನೊಂದು ಎನ್ನುವರು. ಮತ್ತೆ ನಿಂತು, ಕೈ ಚಾಚಿ, ಇದು ಹೆಚ್ಚಾಯ್ತು ತೆಗಿಯಪ್ಪ ಎನ್ನುವರು. ಸೀರೆ ಅಂಗಡಿಯಲ್ಲಿ ಕೂಡ ಅವರು ಇಷ್ಟು ಆರಿಸಿದ್ದನ್ನು ನಾನು ಕಂಡಿಲ್ಲ. ಕೊನೆಗೆ ಮೇಲೊಂದು ಗ್ರಾನೈಟಿನ ತುಂಡು ಹಾಸಿ, ಒಲೆ ಇಟ್ಟು, ಸಾಕು ಎಂದರು. ಯಾವ ಪ್ಯಾಕೇಜಿನಲ್ಲೂ ಇಲ್ಲದ ಕಟ್ಟೆ ಹಾಗೆ ಎದ್ದು ನಿಂತಿತು.

ಎಸರು ಕುದಿಯಿತು, ಹಿಟ್ಟು ಬೆಂದಿತು. ಅತ್ತೆ ಕೋಲು ಹಿಡಿದು ಸಲೀಸಾಗಿ ತೊಳಸತೊಡಗಿದರು. ಅವರ ಮುಖ ನೋಡುತ್ತಾ ನನಗೆ ಗೆದ್ದಷ್ಟು ಸಂತೋಷವಾಯಿತು. ಆದರೆ ಒಂದೆರಡು ಸುತ್ತಾಗುವುದರೊಳಗೆ ಅವರು ನಿಲ್ಲಿಸಿ, ಕೋಲನ್ನು ನನ್ನ ಕಡೆ ಚಾಚಿದರು.

‘ಈಗ ನೀನು ತೊಳಸು.’

ಬೇಡ ಅತ್ತೆ ಎಂದೆ. ಎಲ್ಲರೂ ನೋಡುತ್ತಿದ್ದಾರೆ, ಯಜಮಾನರು ಊಟಕ್ಕೆ ಕಾದಿದ್ದಾರೆ, ಇಲ್ಲಿ ನನ್ನ ಗಂಟಿನ ಪ್ರದರ್ಶನ ಯಾಕೆ ಎಂದು ಕಣ್ಣಲ್ಲೇ ಬೇಡಿಕೊಂಡೆ. ಅವರು ಕವೆಗೋಲನ್ನು ತಾವು ತೆಗೆದುಕೊಂಡು ಪಾತ್ರೆಯನ್ನು ಒತ್ತಿ ಹಿಡಿದರು. ನಾನು ಮೊದಲ ಸಲ ಆ ತವರಿನ ಕೋಲು ಹಿಡಿದೆ. ತೊಳಸಿದೆ. ತೋಳಿನಿಂದಲ್ಲ, ಬೆನ್ನಿನಿಂದ ಬಲ ಬಂತು. ಹಿಟ್ಟು ಕೋಲಿನ ಜೊತೆ ತಿರುಗಿತು, ಪಾತ್ರೆಯ ಅಂಚು ಬಿಟ್ಟಿತು, ಹೊಳೆಯಿತು. ಅತ್ತೆ ಕೈ ಒದ್ದೆ ಮಾಡಿಕೊಂಡು ಮುದ್ದೆ ಕಟ್ಟಿ, ಒಂದನ್ನು ಎಲ್ಲರೆದುರು ಎರಡಾಗಿ ಮುರಿದರು. ಒಳಗೆ ಒಂದು ಗಂಟೂ ಇರಲಿಲ್ಲ.

‘ನಿನ್ ಕೈಯಲ್ಲಿ ಯಾವತ್ತೂ ತಪ್ಪಿರ್ಲಿಲ್ಲ ಕಣಮ್ಮ’ ಎಂದರು. ಆಮೇಲೆ ಬಾಲ್ಕನಿಯಿಂದ ಮೆಲ್ಲಗೆ ಒಳಗೆ ಬಂದಿದ್ದ ಮಗನ ಕಡೆ ನೋಡಿ, ‘ಒಂದೊಂದ್ ಸಲ ನೆಲಾನೇ ಡೊಂಕಿರ್ತದೆ’ ಎಂದರು.

ನನಗೆ ಅಳು ಬಂತು. ಅಳುವಿನ ಹಿಂದೆಯೇ ಸಿಟ್ಟೂ ಬಂತು. ಇಷ್ಟು ದಿನ ನನ್ನ ಕೈಯನ್ನೇ ಬೈದುಕೊಂಡೆನಲ್ಲ, ಇದನ್ನ ಅವತ್ತೇ ಹೇಳಬಾರದಿತ್ತಾ ಎಂದು ಕೇಳಿದೆ.

‘ಹೇಳಿ ಏನ್ ಮಾಡ್ಲಿ, ಬಾಡಿಗೆ ಮನೆ ಕಟ್ಟೆ ಒಡೆಸೋಕಾಗ್ತಿತ್ತಾ? ಕಟ್ಟೆ ಸರಿಯಿಲ್ಲ ಅಂದಿದ್ರೆ ನೀನು ಕೋಲು ಬಿಟ್ಬಿಡ್ತಿದ್ದೆ. ನಂಗೆ ಮಂಡಿ ಹೋಗಿತ್ತು, ನೀನೂ ಬಿಟ್ಟಿದ್ರೆ ಮನೇಲಿ ಹಿಟ್ಟೇ ನಿಂತೋಗ್ತಿತ್ತು.’

ಸೆರಗಿನಲ್ಲಿ ಮೂಗು ಒರೆಸಿಕೊಂಡು ಬಡಿಸಲು ನಿಂತೆ.

ಯಾರೂ ಊಟ ಮಾಡದ ಆ ಸ್ಯಾಂಪಲ್ ಮನೆಯ ಡೈನಿಂಗ್ ಟೇಬಲ್ಲಿನಲ್ಲಿ, ಶೋಗೆ ಇಟ್ಟ ತಟ್ಟೆಗಳಲ್ಲಿ ಎಲ್ಲರೂ ಕೂತು ಉಂಡೆವು. ನೋಡಲು ಬಂದಿದ್ದ ಸಂಸಾರವೂ ಕೂತಿತು. ಹುಡುಗಿ ಮುದ್ದೆಯನ್ನು ಚೂಯಿಂಗ್ ಗಮ್ಮಿನಂತೆ ಜಗಿಯುತ್ತಿದ್ದಳು. ಅತ್ತೆ ಪಕ್ಕದಲ್ಲಿ ಕೂತು, ಜಗೀಬಾರ್ದು ಕಣಮ್ಮ, ಸಾರಲ್ಲಿ ಹೊರಳಿಸಿ ಹಂಗೇ ನುಂಗು ಎಂದು ಹೇಳಿಕೊಟ್ಟರು. ಮೂರನೆಯ ತುತ್ತಿಗೆ ಅವಳಿಗೆ ಬಂತು. ಬಂದದ್ದೇ ನಕ್ಕುಬಿಟ್ಟಳು.

ಊಟವಾದ ಮೇಲೆ ವ್ಯಾಪಾರ. ಉಂಡ ಮನೆಯವರೆಂದು ಯಜಮಾನರು ಸುಮ್ಮನೆ ಬಿಟ್ಟುಕೊಡಲಿಲ್ಲ, ನಾನೂ ಬಿಡಲಿಲ್ಲ. ಒಡೆದ ಗಾಜಿನ ಲೆಕ್ಕ ಅವರದು, ಏಕೆಂದರೆ ಮಾಡಿ ನೋಡಿ ಎಂದವರು ಅವರ ಕಡೆಯವರು. ಗಾಜಿನ ಒಲೆ ನಮಗೆ ಬೇಡ, ಅದರ ಬದಲು ಯುಟಿಲಿಟಿಯಲ್ಲಿ ಕಪ್ಪು ಕಲ್ಲಿನ ತಗ್ಗು ಕಟ್ಟೆ. ಕಲ್ಲು ದಪ್ಪ, ಅದಕ್ಕೆ ಮೇಲೆ ಕೊಡಬೇಕು ಎಂದರು. ಏನನ್ನು ಬಿಟ್ಟರೆ ಸರಿಹೋಗುತ್ತದೆ ಎಂದು ಚರ್ಚೆ ನಡೆದಾಗ ನಮ್ಮನೆಯವರು ಮಾತು ಕೇಳುವ ಲೈಟನ್ನು ತಾವಾಗಿಯೇ ತೆಗೆಸಿಬಿಟ್ಟರು. ಮನೆಯಲ್ಲಿ ಮಾತು ಕೇಳೋದಕ್ಕೆ ನಾನೊಬ್ಬ ಸಾಕು ಎಂದರು. ನೆಲ ಡೊಂಕಿನ ಮಾತಿಗೆ ಅದೇ ಅವರ ಪ್ರಾಯಶ್ಚಿತ್ತ ಎಂದು ನಾನು ಒಪ್ಪಿಕೊಂಡೆ. ಕಟ್ಟೆಯ ಎತ್ತರಕ್ಕೆ ಡ್ರಾಯಿಂಗ್ ಏನೂ ಆಗಲಿಲ್ಲ. ಟೈಲ್ಸಿನ ಡಬ್ಬಗಳನ್ನು ಹಾಗೇ ಬಿಟ್ಟು, ಅವುಗಳ ಅಳತೆ ತೆಗೆದುಕೊಂಡರು.

ಈಗ ನಾವು ಆ ಮನೆಯಲ್ಲಿದ್ದೇವೆ. ಗೃಹಪ್ರವೇಶಕ್ಕೆ ಬಂದ ಹುಡುಗಿ ಒಂದು ಸುದ್ದಿ ಹೇಳಿದಳು. ನಮ್ಮ ಕಟ್ಟೆಯನ್ನು ನೋಡಿದ ಮೇಲೆ ಸುತ್ತಮುತ್ತಲಿನವರು ಕೇಳತೊಡಗಿದರಂತೆ. ಹಾಗಾಗಿ ಅದು ಈಗ ಗೋಲ್ಡ್ ಪ್ಯಾಕೇಜಿನಲ್ಲಿ ಸೇರಿದೆಯಂತೆ, ‘ಮುದ್ದೆ ಕೌಂಟರ್’ ಎಂಬ ಹೆಸರಿನಲ್ಲಿ, ಬೇರೆ ರೇಟಿಗೆ. ನಮ್ಮತ್ತೆಯ ಬುದ್ಧಿಗೆ ರೇಟು ಹಾಕಿದವರ ಮೇಲೆ ನನಗೆ ಕೋಪ ಬಂತು. ಅತ್ತೆಗೆ ಮಾತ್ರ ಬಲು ಸಂತೋಷವಾಯಿತು. ನಮ್ಮದು ಸಿಲ್ವರೋ ಗೋಲ್ಡೋ ಎಂದು ಕೇಳಿದ ನೆಂಟರಿಗೆ, ನಮ್ಮದು ಹಿಟ್ಟಿನ ಮನೆ ಎನ್ನುತ್ತಾರೆ.

ಬೆಳಗಿನ ಮುದ್ದೆ ಅತ್ತೆಯದು, ರಾತ್ರಿಯದು ನನ್ನದು. ಕೋಲು ಒಂದೇ. ಯಾರು ಮಾಡಿದ್ದೆಂದು ನಮ್ಮನೆಯವರಿಗೆ ಗೊತ್ತಾಗುವುದಿಲ್ಲ, ಗೊತ್ತಾದರೂ ಹೇಳುವ ಧೈರ್ಯವಿಲ್ಲ.

ಮೊನ್ನೆ ಅತ್ತೆ ಜ್ವರದಿಂದ ಎದ್ದಿದ್ದರು. ಇವತ್ತು ನಾನೇ ಮಾಡ್ತೀನಿ ಎಂದರೂ ಕೇಳದೆ ಹೋಗಿ ಕಟ್ಟೆಯ ಮುಂದೆ ನಿಂತರು. ನಮ್ಮನೆಯವರು ಕೆಲಸಕ್ಕೆ ಹೋಗಿದ್ದರು. ನಾವಿಬ್ಬರೇ ಊಟಕ್ಕೆ ಕೂತೆವು. ಎರಡನೆಯ ತುತ್ತಿನಲ್ಲಿ ನನ್ನ ನಾಲಿಗೆಗೆ ಗಂಟು ಸಿಕ್ಕಿತು. ಕಡಲೆಬೀಜದಷ್ಟು ದಪ್ಪದ್ದು, ಒಳಗೆ ಹಸಿ ಹಿಟ್ಟು. ಈ ಸಲ ಕಟ್ಟೆಯ ತಪ್ಪೇನೂ ಇರಲಿಲ್ಲ. ತಲೆಯೆತ್ತಿದರೆ ಅತ್ತೆ ತಮ್ಮ ತಟ್ಟೆ ಮುಟ್ಟದೆ ನನ್ನ ಮುಖವನ್ನೇ ನೋಡುತ್ತಿದ್ದರು.

ನುಂಗಿದೆ.

ಹೆಂಗಾಗೈತೆ ಎಂದು ಕೇಳಿದರು. ಇನ್ನರ್ಧ ಹಾಕಿ ಅತ್ತೆ ಎಂದು ತಟ್ಟೆ ಚಾಚಿದೆ.